ಹ್ರಸ್ವರೈಲು ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಮೊದಲಿಗೇ ಹೇಳಿ ಮುಗಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ನಾಲ್ಕಡಿಗೆ ಎಂಟಡಿಯ ಒಂದು ಪ್ಲೈವುಡ್ ಹಲಗೆಯನ್ನೂ ಅದನ್ನು ಮನೆಯೊಳಗಿಡಲು ಮನೆಯವರ ಅನುಮತಿಯನ್ನೂ ಸಂಪಾದಿಸಿದವನೇ ಇಲ್ಲಿ ಅಧಿಕಾರಿ. ವಿಷಯವೆಂದರೆ ಅಮೆರಿಕದ ಶಾರ್ಟ್‌ಲೈನ್ ರೈಲುಗಳು. ದೊಡ್ಡ ಕಂಪನಿ ಬಿಟ್ಟುಹೋದ ನಾಲ್ಕಾರು ವ್ಯಾಗನ್ನುಗಳನ್ನು ಎಳೆದುಕೊಂಡು ಹೋಗಿ ಊರಿನ ಗಿರಣಿಗೆ ಮುಟ್ಟಿಸಿ ಬರುವ ಆ ಬಡಪಾಯಿಗಳಲ್ಲಿ ಯಾವುದನ್ನು ಮಾದರಿಯಾಗಿಟ್ಟುಕೊಂಡು ಹಲಗೆಯ ಮೇಲೆ ಪುಟ್ಟ ರೈಲು ಓಡಿಸಬೇಕು ಎಂಬುದೇ ಜಿಜ್ಞಾಸೆ. ಸಂಬಂಧ ಹಲಗೆಗೂ ಹಳಿಗೂ ಇರುವಂಥದು. ಪ್ರಯೋಜನ ಏನೂ ಇಲ್ಲ. ಶಾಸ್ತ್ರದ ಶುದ್ಧಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. "ಗಿಡ್ಡ ಹಲಗೆಗೆ ಗಿಡ್ಡ ರೈಲು, ಇದರಲ್ಲೇನು ಮೀಮಾಂಸೆ?" ಅಯ್ಯಾ, ಗಣಿತ ಕೇಳು. ಎಚ್‌ಒ ಎಂಬ ಜನಪ್ರಿಯ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ಮೈಲಿಗೆ 60 ಅಡಿಗೂ ಹೆಚ್ಚು ಬೇಕು. ಬಾಲ್ಟಿಮೋರಿನಿಂದ ಯಾರ್ಕಿಗೆ ಸುತ್ತಿ ಬಳಸಿ ಹೋಗುತ್ತಿದ್ದ ಮ್ಯಾರಿಲೆಂಡ್ ಅಂಡ್ ಪೆನ್ಸಿಲ್ವೇನಿಯಾ ರೈಲು, ಭಕ್ತರ ಬಾಯಲ್ಲಿ 'ಮಾ ಅಂಡ್ ಪಾ', 77 ಮೈಲಿ ಉದ್ದವಿತ್ತು. ಅದನ್ನು ಚಾಚೂ ತಪ್ಪದೆ ಕಟ್ಟಿದರೆ ಆಟಿಕೆಯೇ ಮುಕ್ಕಾಲು ಮೈಲಿ ದಾಟುತ್ತದೆ. ಹಲಗೆಯ ದೃಷ್ಟಿಯಲ್ಲಿ ಗಿಡ್ಡ ರೈಲೆಂಬುದೇ ಇಲ್ಲ. ಹಾಗಾಗಿ ಉದ್ದ ಲಕ್ಷಣವಲ್ಲ.

ಹಾಗಾದರೆ ಲಕ್ಷಣ ಯಾವುದು? ಬಡತನ. ಒಂದೇ ಇಂಜಿನ್ನು, ದಿನಕ್ಕೊಂದೇ ಓಡಾಟ, ಹುಲ್ಲು ಬೆಳೆದ ಹಳಿ. ಇದಕ್ಕೆ ಮೂರ್ತ ಸಾಕ್ಷಿ ಜನರಲ್ ಎಲೆಕ್ಟ್ರಿಕ್ 1940ರಿಂದ ತಯಾರಿಸಿದ 44 ಟನ್ನಿನ ಡೀಸೆಲ್ ಇಂಜಿನ್ನು. ನಲವತ್ತನಾಲ್ಕೇ ಏಕೆ, ನಲವತ್ತೈದೇಕಲ್ಲ? ಆ ಕಾಲದ ಕಾರ್ಮಿಕ ಒಪ್ಪಂದದಂತೆ ಚಾಲಕ ಚಕ್ರಗಳ ಮೇಲೆ 90,000 ಪೌಂಡು ಅಥವಾ ಅದಕ್ಕಿಂತ ಹೆಚ್ಚು ಭಾರ ಬಿದ್ದರೆ ಇಂಜಿನ್ನಿಗೆ ಇನ್ನೊಬ್ಬ ಆಳು, ಅಂದರೆ ಫೈರ್‌ಮನ್, ಇರಲೇಬೇಕಿತ್ತು, ಉರಿಸಲು ಬೆಂಕಿಯೇ ಇಲ್ಲದಿದ್ದರೂ. 44 ಟನ್ನೆಂದರೆ 88,000 ಪೌಂಡು. ಭೌತಶಾಸ್ತ್ರವಲ್ಲ, ಸಂಬಳದ ಪಟ್ಟಿ ತೂಕ ಗೊತ್ತುಮಾಡಿದ ಯಂತ್ರವಿದು. ಒಬ್ಬನ ಕೂಲಿ ಉಳಿಸಲು ಹುಟ್ಟಿದ ಇಂಜಿನ್ನಿಗಿಂತ ಹೆಚ್ಚಿನ ಯೋಗ್ಯತೆ ನಮ್ಮ ಹಲಗೆಗೆ ಬೇಡ.

ಆದರೂ ವರ್ತುಲವಾದಿಗಳೆಂಬ ಪಂಗಡ ಸುಮ್ಮನಿರುವುದಿಲ್ಲ. ಅವರ ಆರಾಧ್ಯ ದೈವ ನೆವಾಡಾದ ಬೆಳ್ಳಿಗಣಿಗಳಿಗಾಗಿ 1869ರಲ್ಲಿ ಕಟ್ಟತೊಡಗಿದ ವರ್ಜೀನಿಯಾ ಅಂಡ್ ಟ್ರಕಿ. ಅದು ಬೆಟ್ಟದಿಂದ ಕೆಳಗಿಳಿಯುವಾಗಿನ ತಿರುವುಗಳನ್ನೆಲ್ಲ ಕೂಡಿಸಿದರೆ 17 ಪೂರ್ಣ ವೃತ್ತಗಳಾಗುತ್ತವೆಂಬುದು ಪ್ರಸಿದ್ಧ ಮಾತು. ಆದ್ದರಿಂದ ಹಲಗೆಯ ಮೇಲೆ ಒಂದೇ ಸುತ್ತುಹಳಿ ಹಾಕಿ 17 ಸಲ ಗಿರಕಿ ಹೊಡೆಸಿದರೆ ಆ ಪ್ರಯಾಣ ಶಾಸ್ತ್ರೋಕ್ತವಾಗಿ ಮುಗಿಯಿತೆಂಬುದು ಇವರ ವಾದ. ನಿಜವಾದ ಹಳಿ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತಲ್ಲ ಎಂದು ಆಕ್ಷೇಪಿಸಿದರೆ, ಎಂಟೂವರೆ ಸುತ್ತಿಗೆ ರೈಲನ್ನು ಎತ್ತಿ ಹಿಂದುಮುಂದಾಗಿ ಇಡುತ್ತಾರೆ. ಬುದ್ಧಿವಂತರೇ, ಆದರೆ ಇಳಿಜಾರನ್ನು ಮರೆತರು. ಆ ರೈಲು ಇಳಿಯುತ್ತಿದ್ದದ್ದು ಸುಮಾರು 1,600 ಅಡಿ. ಎಚ್‌ಒ ಅಳತೆಯಲ್ಲೂ ಅದು 18 ಅಡಿ. ಚಾವಣಿ ಒಡೆಯಬೇಕಾದೀತು.

ಮಾದರಿಯೇ ಬೇಡವೆನ್ನುವ ನಿರಾಲಂಬ ಪಂಥವೂ ಒಂದಿದೆ. ಅದರ ಮೂಲಪುರುಷ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಸಂಪೂರ್ಣ ಕಲ್ಪನೆಯ ರೈಲು ಕಟ್ಟಿದ ಜಾನ್ ಆ್ಯಲನ್. ಶಂಟಿಂಗಿಗೆ ಎಮ್ಮಾ ಎಂಬ ಡೈನೋಸಾರನ್ನು ನೇಮಿಸಿಕೊಂಡಿದ್ದಾತ. ಮಾದರಿಯಲ್ಲಿ ನಿಜದ ಇಂಜಿನ್ನಿನಷ್ಟೇ ಮೊಳೆಗಳಿವೆಯೇ ಎಂದು ಎಣಿಸುವ ಸಂಪ್ರದಾಯದವರು ಇದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದಾರೆ. ಡೈನೋಸಾರಿಗೆ ಮೊಳೆಗಳಿಲ್ಲ.

ಇನ್ನು ಸಿದ್ಧಾಂತ. ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕಿರುವ ಆರ್ಕೇಡ್ ಅಂಡ್ ಅಟಿಕಾ ರೈಲೇ ಗ್ರಾಹ್ಯ. ದಿವಾಳಿಯೆದ್ದ ಹಳಿಯನ್ನು 1917ರಲ್ಲಿ ಊರವರೇ ಹಣ ಕೂಡಿಸಿ ಕೊಂಡರು. ಇಲ್ಲಿಗೆ ಬಡತನದ ಲಕ್ಷಣ ಸಿದ್ಧಿಸಿತು. ಹಲಗೆಯವರು ಹಳಿಯನ್ನು ಆಯ್ದು ಕತ್ತರಿಸುವುದು ಪಾಪವೆನ್ನುವವರಿಗೆ ಅಲ್ಲಿನ ಪ್ರಕೃತಿಯೇ ಪ್ರಾಯಶ್ಚಿತ್ತ ಒದಗಿಸಿದೆ. 1957ರಲ್ಲಿ ನೆರೆಯಿಂದ ಅಟಿಕಾ ಕಡೆಯ ದಾರಿ ಹಾಳಾದಾಗ ಕಂಪನಿ ಅದನ್ನು ಕೈಬಿಟ್ಟಿತು. ಹೆಸರಿನಲ್ಲಿ ಅಟಿಕಾ ಉಳಿಯಿತು, ರೈಲು ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಕಂಪನಿಯೇ ತಲುಪದ ಊರನ್ನು ನೀವು ಹಲಗೆಯ ಮೇಲೆ ಕಟ್ಟಿಲ್ಲವೆಂದು ಯಾವ ಪಂಡಿತ ತಾನೇ ಕೇಳಿಯಾನು? ಸಾಲದೆಂಬಂತೆ 1962ರಿಂದ ಪ್ರವಾಸಿಗರಿಗಾಗಿ ಉಗಿಬಂಡಿಯೂ ಓಡಿದೆ. ಒಂದೇ ಹಲಗೆಯ ಮೇಲೆ ಡೀಸೆಲ್, ಉಗಿ ಎರಡನ್ನೂ ಇಟ್ಟುಕೊಂಡು ಕಾಲದೋಷದ ಅಪವಾದದಿಂದ ಪಾರಾಗಬಹುದು.

ಕಟ್ಟಿ ಮುಗಿದ ಮೇಲೆ ಮಾಡುವುದೇನು ಎಂಬವರಿಗೆ ಬ್ರಿಟನ್ನಿನ ಇಂಗಲ್‌ನುಕ್ ಎಂಬ ಶಂಟಿಂಗ್ ಆಟವನ್ನು ವಿಧಿಸಲಾಗಿದೆ. ಐದು, ಮೂರು, ಮೂರು ವ್ಯಾಗನ್ನು ಹಿಡಿಸುವ ಮೂರು ಸೈಡಿಂಗು, ಒಟ್ಟು ಎಂಟು ವ್ಯಾಗನ್ನು. ಚೀಟಿ ಎತ್ತಿ, ಬಂದ ಕ್ರಮದಲ್ಲೇ ಐದನ್ನು ಸಾಲುಗೂಡಿಸಬೇಕು. ಸಾಧ್ಯವಿರುವ ಕ್ರಮಗಳು 6,720. ದಿನಕ್ಕೊಂದರಂತೆ ಹದಿನೆಂಟು ವರ್ಷ ದಾಟುತ್ತದೆ. ಇದಕ್ಕೆ ಬೇಕಾಗುವ ಪಾಯಿಂಟುಗಳು ಎರಡೇ, ಆದ್ದರಿಂದ ಅಂಗಡಿಯವನು ಮೂರನೆಯದನ್ನು ತೋರಿಸಿದರೆ ಮುಖ ತಿರುಗಿಸಿ. ಇಂಜಿನ್ನು ಕೊಂಡ ಮೇಲೆ ಅದರ ಮೈಮೇಲೆ 110 ಎಂದು ಬರೆಸಿ. ಆರ್ಕೇಡ್ ಅಂಡ್ ಅಟಿಕಾ 1941ರಲ್ಲಿ ಕೊಂಡ 44 ಟನ್ನಿನ ಇಂಜಿನ್ನಿಗೆ ಅದೇ ನಂಬರು.