ಜತ್ತ ಸೀಮೆಯ ತಾಮ್ರನಾಣ್ಯ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಮೂಡಣ ಭಾಗದ ಉಮದಿ, ಸಂಖ, ಗುಡ್ಡಾಪುರವೇ ಮೊದಲಾದ ಕನ್ನಡ ಊರುಗಳಲ್ಲಿ ದೇವರ ಜಗಲಿ, ಹಗೇವು ಮತ್ತು ಮುದುಕಿಯರ ಎಲೆಅಡಿಕೆ ಚೀಲವೆಂಬ ತ್ರಿವಿಧ ಆಕರಗಳಿಂದ ಹೊರಬೀಳುವ ತಾಮ್ರದ ತುಣುಕುಗಳನ್ನು ಲೋಹಸಾಂಸ್ಕೃತಿಕ ಕಥನಗಳ ನೆಲೆಯಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನವಾಗಿದೆ. ಪ್ರಯತ್ನ ವಿನಮ್ರವಾಗಿದ್ದರೂ ತಲೆಬರಹ ವಿನಮ್ರವಾಗಿರಕೂಡದು ಎಂಬುದು ವಿಚಾರ ಸಂಕಿರಣಗಳ ಮೊದಲ ಸೂತ್ರ. ಎರಡನೆಯದು, ಊಟದ ಗಂಟೆ ಬಾರಿಸುವವರೆಗೆ ವಿಷಯಕ್ಕೆ ಬರಬಾರದು.

ನಾಣ್ಯವೆಂದರೆ ಪ್ರಭುತ್ವವು ಲೋಹದ ಮೈಮೇಲೆ ಕೆತ್ತಿದ ಪಠ್ಯ. ಹಾಗೆಂದು ಕರ್ನಾಟಕ-ಮಹಾರಾಷ್ಟ್ರ ಗಡಿಯ ಈಚೆಗೊಬ್ಬರು, ಆಚೆಗೊಬ್ಬರು ತಾಸುಗಟ್ಟಲೆ ವಿವರಿಸಿದ್ದನ್ನು ಕೇಳಿಸಿಕೊಂಡಿದ್ದೇನೆ. ಇಬ್ಬರ ಕೈಯಲ್ಲೂ ನಾಣ್ಯವಿರಲಿಲ್ಲ. ಪರದೆಯ ಮೇಲೆ ಬಾಣದ ಗುರುತುಗಳಿದ್ದವು. ‘ಪ್ರಭುತ್ವ’ದಿಂದ ‘ಪ್ರತಿರೋಧ’ಕ್ಕೆ ಒಂದು, ‘ಪ್ರತಿರೋಧ’ದಿಂದ ‘ಅಸ್ಮಿತೆ’ಗೆ ಇನ್ನೊಂದು. ಆ ಘನವಾದ ಪರಂಪರೆಯನ್ನು ಮುಂದುವರಿಸುತ್ತ, ಜತ್ತ ಸೀಮೆಯ ತಾಮ್ರವನ್ನು ಇಲ್ಲಿ ಹನ್ನೊಂದು ವರ್ಗಗಳಾಗಿ ವಿಂಗಡಿಸಲಾಗಿದೆ.

ವರ್ಗ ಒಂದು: ಸಾರ್ವಭೌಮತ್ವ ಸೂಚಕ ಸವೆತದ್ರವ್ಯ. ಊರವರು ಇದಕ್ಕೆ ಶಿವರಾಯಿ ಎನ್ನುತ್ತಾರೆ. ಅಂಗೈಯಲ್ಲಿಟ್ಟು ನೋಡಿದರೆ ಅಂಚು ಸಮನಾಗಿಲ್ಲ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೀಗಾಗಿ ಒಂದು ಬದಿಯ ಮೂರು ಸಾಲಿನ ‘ಶ್ರೀ ರಾಜಾ ಶಿವ’ದಲ್ಲಿ ಯಾವುದೋ ಒಂದಕ್ಷರ ಹೊರಗೇ ಉಳಿದಿರುತ್ತದೆ, ಇನ್ನೊಂದು ಬದಿಯಲ್ಲಿ ‘ಛತ್ರ’ ಪೂರಾ ಬಿದ್ದಿದ್ದರೆ ‘ಪತಿ’ ಅರ್ಧ. ಸುತ್ತ ಚುಕ್ಕೆಗಳ ಬಳೆ, ಅದೂ ಒಂದೇ ಮಗ್ಗುಲಿಗೆ. ತೂಕ ಹತ್ತು ಗ್ರಾಂ ಆಸುಪಾಸು. 1674ರ ಪಟ್ಟಾಭಿಷೇಕದಿಂದ ಶುರುವಾದ ಈ ದುಡ್ಡನ್ನು ಶಿವಾಜಿ ತೀರಿಕೊಂಡ ಮೇಲೂ, ಪೇಶ್ವೆಗಳ ಕಾಲದಲ್ಲೂ ಅದೇ ಹೆಸರಿನಲ್ಲಿ ಅಚ್ಚು ಹಾಕುತ್ತಲೇ ಹೋದರು. ಆದ್ದರಿಂದ ಹೊಲದಲ್ಲಿ ಶಿವರಾಯಿ ಸಿಕ್ಕಿತೆಂದರೆ ಅಲ್ಲಿ ಯಾರೋ ಸಂತೆಗೆ ಹೋಗಿ ಬಂದಿದ್ದರು ಎಂದಷ್ಟೇ ಗೊತ್ತಾಗುತ್ತದೆ.

ಆದರೆ ಅಷ್ಟಕ್ಕೇ ಬಿಟ್ಟರೆ ಸಂಕಿರಣ ನಡೆಯುವುದಾದರೂ ಹೇಗೆ? ಆಚೆಯವರಿಗೆ ಆ ನಾಣ್ಯ ಈ ನೆಲ ಮರಾಠಿಯದೆಂಬುದಕ್ಕೆ ತಾಮ್ರಶಾಸನ. ಈಚೆಯವರು ಅದೇ ಹೊಲದಲ್ಲಿ ಸಿಕ್ಕ ಆದಿಲಶಾಹಿ ಫಲೂಸನ್ನು ಎತ್ತಿ ಹಿಡಿದು, ವಿಜಾಪುರದ ಟಂಕಸಾಲೆಯದಾದ್ದರಿಂದ ಇದು ಕನ್ನಡದ್ದೇ ಎನ್ನುತ್ತಾರೆ. ಮೇಲಿರುವ ಲಿಪಿ ಪಾರಸಿ ಎಂಬುದು ಅವರಿಗೆ ಅಡ್ಡಿಯಾಗುವುದಿಲ್ಲ. ಜತ್ತದ ಡಫಳೆ ಮನೆತನ ಆದಿಲಶಾಹಿಯಿಂದ ಜಹಗೀರು ಪಡೆಯಿತು, ಆಮೇಲೆ ಸಾತಾರೆಯ ಛತ್ರಪತಿಗಳ ನೆರಳಿಗೆ ಬಂತು, ಆಮೇಲೆ ಇಂಗ್ರಜರ ಕೈಕೆಳಗಾಯಿತು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಕರಗಿತು. ಇಷ್ಟೂ ಕಾಲ ಸಂತೆಯಲ್ಲಿ ಕೈಯಿಂದ ಕೈಗೆ ಹೋದ ದುಡ್ಡು ನಿನ್ನ ಮಾತೃಭಾಷೆ ಯಾವುದೆಂದು ಯಾರನ್ನೂ ಕೇಳಲಿಲ್ಲ.

ವರ್ಗ ಎರಡು: ವಸಾಹತುಶಾಹಿ ವೃತ್ತಾಕಾರಗಳು. ಈಸ್ಟ್ ಇಂಡಿಯಾ ಕಂಪನಿಯ ತಕ್ಕಡಿ ದುಡ್ಡು, ತಕ್ಕಡಿಯ ಅಡಿಯಲ್ಲಿ ನ್ಯಾಯ ಎಂಬರ್ಥದ ‘ಅದಲ್’ ಎಂಬ ಪಾರಸಿ ಪದ (ತೂಗಿದವನೇ ನ್ಯಾಯಾಧೀಶ). 1835ರ ಪಾವು ಆಣೆ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ರಂಧ್ರ ಕೊರೆದು ಬಿಟ್ಟ ತೂತಬಿಲ್ಲಿ. ಅದನ್ನು ಉಡದಾರಕ್ಕೆ ಪೋಣಿಸಿ ಕೂಸುಗಳ ಸೊಂಟಕ್ಕೆ ಕಟ್ಟಿದರು. ‘ಶೂನ್ಯದ ರಾಜಕಾರಣ’ ಎಂದು ಇದರ ಮೇಲೆ ಒಂದು ಮಹಾಪ್ರಬಂಧ ಬರೆಯಬಹುದು. ಯಾರೂ ಬರೆಯದಿರಲಿ.

ವರ್ಗ ಮೂರು: ಆಧ್ಯಾತ್ಮಿಕ ಲೋಹಪ್ರತೀಕಗಳು. ರಾಮಟಂಕಿ ಎಂಬುದು ನಿಜಕ್ಕೂ ಇದೆ. ರಾಮಸೀತೆಯರ ಪಟ್ಟಾಭಿಷೇಕವಿರುವ ಈ ಬಿಲ್ಲೆ ವ್ಯವಹಾರದ ದುಡ್ಡಲ್ಲ, ಪೂಜೆಗೆ ಇಡುವಂಥದ್ದು. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಕಳ್ಳಮಗನ ಬಗ್ಗೆ. ಒಂದು ಬದಿ ರಾಮನ ದರ್ಬಾರು ಅಥವಾ ಹನುಮಂತ, ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒನ್ ಆಣಾ, 1818’. ಕೆಲವಕ್ಕೆ 1616 ಎಂದೂ ಇರುತ್ತದೆ. ಕಂಪನಿ ಇಂಥದ್ದನ್ನು ಎಂದೂ ಹೊಡೆದಿಲ್ಲ. 1835ರಲ್ಲಿ ಇಡೀ ಆಳ್ವಿಕೆಗೆ ಒಂದೇ ಬಗೆಯ ನಾಣ್ಯ ತಂದಾಗಲೂ ತಾಮ್ರದಲ್ಲಿ ಅರ್ಧ ಆಣೆಯೇ ದೊಡ್ಡದು. ಈ ಬಿಲ್ಲೆಗಳು ಗುಂಡಗೆ, ದಪ್ಪಗೆ, ಒಂದಕ್ಷರವೂ ತಪ್ಪದಂತೆ ಬಿದ್ದಿರುತ್ತವೆ. ಜಾತ್ರೆಯ ಅಂಗಡಿಗಳಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲೇ ಮಾರುತ್ತಾರೆ.

ಮುಂದಿನದು ಪೂಜೆಯ ಮಾತಲ್ಲ. ಈ ಬಿಲ್ಲೆಯಲ್ಲಿ ‘ಕಾಪರ್ ಇರಿಡಿಯಂ’ ಇದೆಯಂತೆ, ಅದಕ್ಕೆ ಸಿಡಿಲು ಬಡಿದಿದೆಯಂತೆ, ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದಂತೆ, ನಾಸಾದವರು ಕೋಟಿ ಎಣಿಸಿ ಒಯ್ಯುತ್ತಾರಂತೆ. ಇರಿಡಿಯಮ್ಮೂ ಅಕ್ಕಿಯನ್ನು ಎಳೆಯುವುದಿಲ್ಲ, ತಾಮ್ರವೂ ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆಯ ಕೆಳಗೆ ಅಯಸ್ಕಾಂತ ಅಡಗಿಸಿದರೆ ಯಾವ ತಟ್ಟೆಯಾದರೂ ಎಳೆಯುತ್ತದೆ. ಮಾಲು ಪರೀಕ್ಷೆಗೆ ಇಷ್ಟು, ವಿಜ್ಞಾನಿಗೆ ಇಷ್ಟು, ಕಿರಣ ತಡೆಯುವ ಅಂಗಿಗೆ ಇಷ್ಟು ಎಂದು ಮೋಸಗಾರರು ಕಂತು ಕಂತಾಗಿ ರೊಕ್ಕ ಎಣಿಸಿಕೊಳ್ಳುತ್ತಾರೆ. 2018ರಲ್ಲಿ ದಿಲ್ಲಿಯ ಪೊಲೀಸರು ಇದೇ ಆಟ ಆಡುತ್ತಿದ್ದ ಅಪ್ಪ ಮಗನನ್ನು ಹಿಡಿದರು. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. 2012ರ ವೈಷ್ಣೋದೇವಿಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಬರುತ್ತದೆಂದು ಫೋನು ಮಾಡುವವರು ಇನ್ನೂ ಇದ್ದಾರೆ.

ಬಿಲ್ಲೆಯ ಈ ಮರುಳನ್ನು ‘ಜಾನಪದ ನಂಬುಗೆಯ ಪರ್ಯಾಯ ಮೌಲ್ಯವ್ಯವಸ್ಥೆ’ ಎಂದು ಹೊಗಳಿದ ವಿದ್ವಾಂಸರೂ ಇದ್ದಾರೆ. ದಯಮಾಡಿ ಆ ಬಿಲ್ಲೆಗಾಗಿ ಎರಡು ಎಕರೆ ಒತ್ತೆ ಇಟ್ಟವನ ಅಂಗಳದಲ್ಲಿ ನಿಂತು ಈ ಮಾತನ್ನು ಇನ್ನೊಮ್ಮೆ ಆಡಿ. ಮಳೆಯೂ ಸಾಲದು, ಕಾಲುವೆಯೂ ಸಾಲದು. ಕುಡಿಯುವ ನೀರಿಗೆ ಟ್ಯಾಂಕರಿನ ಹಾದಿ ಕಾಯುವ ಸೀಮೆ ಇದು. ನಮಗೆ ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಹೋಗಲು ಬಿಡಿ ಎಂದು ಊರಿಗೆ ಊರೇ ಕೂಗಿದ ಸೀಮೆ. ಇಲ್ಲಿಯವನು ಅಕ್ಕಿ ಎಳೆಯುವ ಬಿಲ್ಲೆಗೆ ಮರುಳಾದದ್ದು ಅಜ್ಞಾನದಿಂದಲ್ಲ, ಎಳೆದುಕೊಳ್ಳಲು ಮನೆಯಲ್ಲಿ ಬೇರೇನೂ ಉಳಿದಿಲ್ಲದ್ದರಿಂದ. ಅವನ ದಿವಾಳಿಗೆ ನೀವು ಪರಿಭಾಷೆ ಹುಡುಕುತ್ತೀರಿ. ನಾಚಿಕೆಯಾಗಬೇಕು.

ನಾಲ್ಕರಿಂದ ಹನ್ನೊಂದರವರೆಗಿನ ವರ್ಗಗಳನ್ನು ಕೈಬಿಡಲಾಗಿದೆ. ಅವುಗಳಲ್ಲಿ 1964ರ ನೆಹರೂ ರೂಪಾಯಿ, 2006ರ ಬಸವೇಶ್ವರರ ಐದು ರೂಪಾಯಿ ಮುಂತಾದ ಸ್ಮಾರಕ ನಾಣ್ಯಗಳು ಬರುತ್ತಿದ್ದವು. ಒಳ್ಳೆಯವೇ. ಇರಲಿ.

ಕಾನೂನಿನ ಮಾತೊಂದು ಉಳಿದಿದೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕು. ಹತ್ತೇ ರೂಪಾಯಿ, ಚಹಾ ಒಂದಕ್ಕೆ ಸರಿ. ಉಮದಿಯವನಿಗೆ ವಿಜಾಪುರ ಹತ್ತಿರ, ಕಲೆಕ್ಟರರು ಕೂಡುವ ಸಾಂಗಲಿ ದೂರ. ಬರೆಯಬೇಕಾದದ್ದು ಮರಾಠಿಯಲ್ಲಿ, ಅವನು ಕಲಿತದ್ದು ಕನ್ನಡ ಸಾಲೆಯಲ್ಲಿ. ಬರೆದರೂ ತಲಾಠಿಯ ಪಂಚನಾಮೆ, ಪೊಲೀಸರ ಜೀಪು, ಇನ್ನೆಷ್ಟು ಮುಚ್ಚಿಟ್ಟೀ ಎಂಬ ಪ್ರಶ್ನೆ. ಹೀಗಾಗಿ ರಂಟೆಯ ಕುಡಕ್ಕೆ ತಗುಲಿದ ಗಡಿಗೆಯ ಸುದ್ದಿ ಬಾಂದು ದಾಟುವುದಿಲ್ಲ.

ನಾಣ್ಯ ಬಲ್ಲವರು ಹೇಳುವುದಿಷ್ಟೇ: ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಹಸಿರು ಕಿಲುಬು ಇದ್ದಂತೆ ಇರಲಿ. ಯಾವ ಹೊಲದ ಯಾವ ಮೂಲೆ, ಎಷ್ಟು ಆಳ, ಜೊತೆಗೆ ಇನ್ಯಾವ ನಾಣ್ಯಗಳಿದ್ದವು ಎಂದು ಬರೆದಿಡಿ. ಅಂಟಿದ ಮಣ್ಣಿಗೂ ನಾಣ್ಯದಷ್ಟೇ ಬೆಲೆಯಿದೆ. ಇದನ್ನು ಯಾವ ಸಂಕಿರಣದಲ್ಲೂ ರೈತನಿಗೆ ಯಾರೂ ಹೇಳಲಿಲ್ಲ, ಏಕೆಂದರೆ ಅವನನ್ನು ಯಾರೂ ಕರೆದಿರಲಿಲ್ಲ.

ಅವನು ಹೋಗುವುದು ಮೋಡಕಾ (ಗುಜರಿ) ಅಂಗಡಿಗೆ. ಅಲ್ಲಿ ಶಿವರಾಯಿಗೂ ಫ್ಯಾನಿನ ತಂತಿಗೂ ಒಂದೇ ದರ, ನೂರು ಶಿವರಾಯಿಗೆ ಕಿಲೋ ಒಂದು. ತಕ್ಕಡಿಗೆ ಸುರಿಯುವ ಮೊದಲು ಅಂಗಡಿಯವನು ಚೀಲದೊಳಗೆ ಕೈಯಾಡಿಸಿ ನೋಡುತ್ತಾನೆ.

“ತೊಳಕೊಂಡ ಬರ್ರಿ ಕಾಕಾ. ಮಣ್ಣ ತೂಕದಾಗ ಹಿಡಿಯಂಗಿಲ್ಲ.”