ಕೆಂಪು ಸ್ಟಿಕ್ಕರ್ ಅಂಟಿಸಿದವರಿಗೆ ಒಂದು ಬಹಿರಂಗ ಪತ್ರ

ಗೆ,
ನಮ್ಮ ಕಂಪನಿಯ ಎಚ್‌ಆರ್ ಮುಖ್ಯಸ್ಥರು,
ಐದನೇ ಮಹಡಿ (ಕಾರ್ಡ್ ಉಜ್ಜಿದರೆ ಮಾತ್ರ ಲಿಫ್ಟ್ ನಿಲ್ಲುವ ಜಾಗ).

ವಿಷಯ: ಇಂಟರ್ನೆಟ್, ಇಮೇಲ್ ಮತ್ತು ಸೋಷಿಯಲ್ ಮೀಡಿಯಾ ಬಳಕೆಯ ಹೊಸ ನಿಯಮಾವಳಿಗೆ ಕೃತಜ್ಞತೆ ಸಲ್ಲಿಸುವ ಬಗ್ಗೆ.
ಉಲ್ಲೇಖ: ಭಾನುವಾರ ರಾತ್ರಿ 10.47ಕ್ಕೆ ನನ್ನ ಸ್ವಂತ ವಾಟ್ಸಾಪಿಗೆ ಬಂದ ತಮ್ಮ 14 ಪುಟದ ಪಿಡಿಎಫ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಕಳಿಸಿದ್ದನ್ನು ಹಾಸಿಗೆಯಲ್ಲಿ ಮಲಗಿಯೇ ಓದಿ, ಕೊನೆಯ ಪುಟದ ‘ಒಪ್ಪಿದ್ದೇನೆ’ ಒತ್ತಿದ್ದೇನೆ. ‘ಒಪ್ಪಿಲ್ಲ’ ಎಂಬ ಗುಂಡಿ ಹುಡುಕಿದೆ, ಸಿಗಲಿಲ್ಲ. ಕೆಲಸದ ವೇಳೆಯಲ್ಲಿ ಸ್ವಂತದ ವಿಚಾರಕ್ಕೆ ಇಂಟರ್ನೆಟ್ ಬಳಸಕೂಡದು ಎಂಬ ಮೊದಲನೇ ನಿಯಮದಲ್ಲಿದ್ದಾಗ ಹೆಂಡತಿ, “ಇಷ್ಟೊತ್ತಲ್ಲಿ ಯಾರ್ರೀ ಅದು?” ಅಂದಳು. ಆಫೀಸು ಅಂದೆ. “ಸ್ವಂತದ ವೇಳೇಲಿ ಆಫೀಸಿನ ವಿಚಾರ ಕೂಡದು ಅಂತ ಎಷ್ಟನೇ ಪುಟದಲ್ಲಿದೆ ನೋಡಿ” ಅಂದಳು. 14 ಪುಟವನ್ನೂ ತಿರುವಿದೆ. ಅವಳು ತಮ್ಮ ಉದ್ಯೋಗಿಯಲ್ಲದ ಕಾರಣ ಈ ಮಾತನ್ನು ಮನ್ನಿಸತಕ್ಕದ್ದು.

ಮುಚ್ಚಿದ ಪತ್ರವನ್ನೇ ಬರೆಯಬಹುದಿತ್ತು. ಆದರೆ ನಮ್ಮಲ್ಲಿ ಮುಚ್ಚಿದ್ದು ಅಂತ ಯಾವುದೂ ಉಳಿದಿಲ್ಲವಲ್ಲ, ಫೋನಿನ ಕ್ಯಾಮೆರಾ ಒಂದನ್ನು ಬಿಟ್ಟು. ಗೇಟಿನಲ್ಲಿ ಸೆಕ್ಯೂರಿಟಿ ಅಣ್ಣ ದಿನಾ ಬೆಳಿಗ್ಗೆ ಹಣೆಗೆ ಬೊಟ್ಟಿಟ್ಟ ಹಾಗೆ ಅದಕ್ಕೊಂದು ಕೆಂಪು ಸ್ಟಿಕ್ಕರ್ ಅಂಟಿಸುತ್ತಾನೆ. ನನ್ನ ಫೋನಿಗೆ ಹಿಂದೆ ಮೂರು ಕ್ಯಾಮೆರಾ, ಮುಂದೆ ಒಂದು. ಅಣ್ಣ ಅಂಟಿಸುವುದು ಒಂದಕ್ಕೆ. ಉಳಿದ ಮೂರರಿಂದ ಕಂಪನಿಯ ಗುಟ್ಟು ಸೋರದಂತೆ ನಾನೇ ಬೆರಳಿಟ್ಟುಕೊಂಡು ಓಡಾಡುತ್ತೇನೆ. ರಾತ್ರಿ ಮನೆಗೆ ಹೋದ ಕೂಡಲೇ ಮಗಳು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಫ್ರಿಜ್ಜಿನ ಬಾಗಿಲಿಗೆ ಹಚ್ಚುತ್ತಾಳೆ. ಈಗ ಅಲ್ಲಿ ದಾಳಿಂಬೆ ಬಿಡಿಸಿಟ್ಟಂತಿದೆ. ಅಪ್ಪ ಎಷ್ಟು ದಿನ ತಡವಾಗಿ ಬಂದ ಎಂಬುದಕ್ಕೆ ಅವಳ ಬಳಿ ಇರುವ ದಾಖಲೆ ಅದು. ತಮ್ಮ ಬಯೋಮೆಟ್ರಿಕ್ಕಿಗಿಂತ ಖಚಿತ.

ಒಂದು ಮಾತು ಒಪ್ಪುತ್ತೇನೆ. ಪಾಸ್‌ವರ್ಡ್ ಬರೆದು ಕೀಬೋರ್ಡಿನ ಅಡಿ ಇಟ್ಟಿದ್ದವನು ನಾನೇ. ಗ್ರಾಹಕರ ಡೇಟಾ ಕಾಯಲು ನಿಯಮ ಬೇಕೇ ಬೇಕು. ಅದಕ್ಕೆ ತಾವು 3 ಪುಟ ಕೊಟ್ಟಿದ್ದೀರಿ. ಉಳಿದ 11 ಪುಟ ನನ್ನನ್ನು ಕಾಯಲು.

ಊಟದ ಹೊತ್ತಿನಲ್ಲಿ ಕರೆಂಟ್ ಬಿಲ್ ಕಟ್ಟಲು ಹೋದರೆ ಪರದೆಯ ತುಂಬ ಕೆಂಪು ಅಂಗೈ: ‘ಈ ತಾಣ ನಿಮ್ಮ ಕೆಲಸಕ್ಕೆ ಸಂಬಂಧಿಸಿಲ್ಲ.’ ದಿಟ. ಫ್ಯೂಸ್ ಕಿತ್ತುಕೊಂಡು ಹೋದ ಮೇಲೆ ವರ್ಕ್ ಫ್ರಂ ಹೋಮ್ ಹೇಗೆ ಎಂಬುದಷ್ಟೇ ನನ್ನ ಅಳಲು. 6ನೇ ನಿಯಮದಂತೆ ಸೋಷಿಯಲ್ ಮೀಡಿಯಾದಲ್ಲಿ ಕಂಪನಿಯ ಹೆಸರೆತ್ತುವಂತಿಲ್ಲ. 11ನೇ ನಿಯಮದಂತೆ ಕಂಪನಿಯ ಪ್ರತಿ ಪೋಸ್ಟನ್ನೂ 24 ಗಂಟೆಯೊಳಗೆ ಲಿಂಕ್ಡ್‌ಇನ್‌ನಲ್ಲಿ ಹಂಚಿ ‘ಹೆಮ್ಮೆಯಾಗುತ್ತಿದೆ’ ಅನ್ನಬೇಕು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ಹಾಗೆ. 2024ರ ಜುಲೈನಲ್ಲಿ ಐಟಿ ಮಂದಿಯ ದಿನವನ್ನು 14 ಗಂಟೆಗೆ ಎಳೆಯುವ ಪ್ರಸ್ತಾವದ ಸುದ್ದಿ ಬಂದಾಗ, ಅದನ್ನು ವಿರೋಧಿಸಿದ ಒಂದು ಪೋಸ್ಟಿಗೆ ಲೈಕ್ ಒತ್ತಿದ್ದೆ. ಮಾರನೇ ದಿನ ಮ್ಯಾನೇಜರ್ ಕಾಫಿಗೆ ಕರೆದರು. ಮೂರು ವರ್ಷದಲ್ಲಿ ಅವರು ಕೊಡಿಸಿದ ಮೊದಲ ಕಾಫಿ.

ರುಮೇನಿಯಾದಲ್ಲಿ ಬರ್ಬುಲೆಸ್ಕು ಎಂಬ ಎಂಜಿನಿಯರ್ ಇದ್ದರು. ಗ್ರಾಹಕರ ಜೊತೆ ಮಾತಾಡಲೆಂದು ತೆರೆದಿದ್ದ ಯಾಹೂ ಮೆಸೆಂಜರಿನಲ್ಲಿ ಒಡಹುಟ್ಟಿದವನಿಗೂ ಮದುವೆಯಾಗಲಿದ್ದ ಹುಡುಗಿಗೂ ಬರೆದರೆಂದು 2007ರಲ್ಲಿ ಕೆಲಸ ಹೋಯಿತು. ಕಂಪನಿ ಆ ಹರಟೆಯನ್ನು 45 ಪುಟ ಅಚ್ಚು ಹಾಕಿ ಮುಂದಿಟ್ಟಿತ್ತು. ಎಷ್ಟರಮಟ್ಟಿಗೆ ಕಣ್ಣಿಡುತ್ತೇವೆಂದು ಆತನಿಗೆ ಮೊದಲೇ ತಿಳಿಸಿದ್ದರೇ ಎಂಬುದನ್ನು ಅಲ್ಲಿನ ಕೋರ್ಟುಗಳು ನೋಡಲೇ ಇಲ್ಲ ಎಂದು 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. ತಮ್ಮ ಮೇಲೆ ಆ ದೂರು ಯಾರೂ ಹೊರಿಸಲಾರರು. 9ನೇ ಪುಟದಲ್ಲೇ ಇದೆ: ‘ಯಾವಾಗ ಬೇಕಾದರೂ, ಯಾವುದನ್ನು ಬೇಕಾದರೂ.’

ಯಾಕೋ 2017 ತಮ್ಮಂಥವರಿಗೆ ಗ್ರಹಚಾರದ ವರ್ಷ. ಜನವರಿ 1ಕ್ಕೇ ಫ್ರಾನ್ಸಿನಲ್ಲಿ, ಕೆಲಸ ಮುಗಿದ ಮೇಲೆ ಮೇಲ್ ನೋಡದೆ ಇರುವ ಹಕ್ಕಿನ ಬಗ್ಗೆ ದೊಡ್ಡ ಕಂಪನಿಗಳು ನೌಕರರೊಡನೆ ಕೂತು ಮಾತಾಡಬೇಕೆಂಬ ಕಾನೂನು ಜಾರಿಗೆ ಬಂತು. ಆಗಸ್ಟ್ 24ಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅರ್ಜಿ ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಸರ್ಕಾರದ ಎದುರಿಗೆ, ಅದು ನಮ್ಮ ಲಿಫ್ಟ್ ಹತ್ತುವುದಿಲ್ಲ ಎಂದು ಕಂಪನಿಯ ವಕೀಲರು ನಗುತ್ತಾ ತಿಳಿಸಿದರು. ಕಾರ್ಡ್ ಇರಲಿಲ್ಲವೇನೋ ಪಾಪ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, 15ನೇ ಪುಟ ಒಂದನ್ನು ಸೇರಿಸಬೇಕು. ಅದರಲ್ಲಿ ಒಂದೇ ಸಾಲು ಸಾಕು: ರಾತ್ರಿ ಎಂಟರ ಮೇಲೆ ಮತ್ತು ರಜಾದಿನ ಕಂಪನಿಯು ಉದ್ಯೋಗಿಯ ಫೋನನ್ನು ಸ್ವಂತದ ವಿಚಾರಕ್ಕೆ ಬಳಸಕೂಡದು.

ಈ ಪತ್ರವನ್ನು ರಜಾದಿನ, ನನ್ನ ಫೋನಿನಲ್ಲಿ, ನಾನೇ ದುಡ್ಡು ಕೊಟ್ಟು ಹಾಕಿಸಿದ ಡೇಟಾದಲ್ಲಿ ಬರೆದಿದ್ದೇನೆ. ಬರೆಯುವ ನಡುವೆ ಆಫೀಸಿನ ಗುಂಪಿನಿಂದ ಬಂದ ನಾಲ್ಕು ಮೆಸೇಜಿಗೆ ‘ನೋಟೆಡ್’ ಎಂದು ಉತ್ತರಿಸಿದ್ದೇನೆ.

ಇಂತಿ ತಮ್ಮ ವಿಧೇಯ,
(ಆನ್‌ಲೈನ್)