ಮೊಣಕೈ ಎಲ್ಲಿಟ್ಟುಕೊಳ್ಳುವುದು?

ಅಂಗೈಯನ್ನು ಮೇಜಿನ ಮೇಲೆ ಒತ್ತಿ ಇಟ್ಟುಕೊಂಡು ಮೊಣಕೈಯನ್ನು ಮಾತ್ರ ಆಚೀಚೆ ಆಡಿಸಿ ನೋಡಿ. ಆಡುತ್ತದೆ. ಅಂಗೈ ಇದ್ದಲ್ಲೇ ಇರುತ್ತದೆ, ಮೊಣಕೈ ತನ್ನ ಪಾಡಿಗೆ ಗಾಳಿಸೇವನೆಗೆ ಹೋಗಿ ಬರುತ್ತದೆ. ಒಂದು ವಸ್ತುವನ್ನು ಬೇಕಾದ ಜಾಗದಲ್ಲಿ ಬೇಕಾದ ಓರೆಯಲ್ಲಿ ಹಿಡಿಯಲು ಆರು ಬಗೆಯ ಚಲನೆ ಸಾಕು. ದೇವರು ನಮಗೆ ಏಳು ಕೊಟ್ಟಿದ್ದಾನೆ: ಭುಜದಲ್ಲಿ ಮೂರು, ಮೊಣಕೈಯಲ್ಲಿ ಒಂದು, ಮಣಿಕಟ್ಟಿನ ಕಡೆ ಮೂರು. ಆ ಹೆಚ್ಚಿನದೊಂದು ಯಾತಕ್ಕೆ ಎಂದು ಅನುಮಾನ ಇದ್ದವರು ಬೆಳಗಿನ ಹೊತ್ತು ಪೀಣ್ಯದ ಕಡೆ ಹೋಗುವ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಬೇಕು. ಕಂಬಿ ಬಿಡದೆಯೇ ಪಕ್ಕದವರ ಪಕ್ಕೆಲುಬನ್ನು ಹುಡುಕಿಕೊಂಡು ಹೋಗುವುದು ಅದೇ.

ಕಾರ್ಖಾನೆಯ ರೋಬೋಟ್ ಕೈಗಳಿಗೆ ಎಲ್ಲೂ ತಗುಲದ ಹಾಗೆ ದಾರಿ ತೋರಿಸುವುದು ನನ್ನ ಹೊಟ್ಟೆಪಾಡು. ಅವಕ್ಕೆ ಸಾಮಾನ್ಯವಾಗಿ ಆರೇ ಕೀಲು. ಮಾರುವವರ ಬ್ರೋಷರಿನಲ್ಲಿ ಎಷ್ಟು ಕೆ.ಜಿ. ಎತ್ತುತ್ತದೆ, ಎಷ್ಟು ದೂರ ಚಾಚುತ್ತದೆ, ಹೇಳಿದ ಜಾಗಕ್ಕೆ ಮರಳಿ ಬಂದಾಗ ಮಿಲಿಮೀಟರಿನ ಎಷ್ಟನೇ ಒಂದು ಪಾಲು ಆಚೀಚೆ ಆಗುತ್ತದೆ ಎಲ್ಲ ಬರೆದಿರುತ್ತಾರೆ. ಮೊಣಕೈ ಎಲ್ಲಿರುತ್ತದೆ ಎಂದು ಮಾತ್ರ ಬರೆದಿರುವುದಿಲ್ಲ. ಒಂದೇ ಬೋಲ್ಟನ್ನು ಒಂದೇ ಓರೆಯಲ್ಲಿ ಹಿಡಿಯಲು ಈ ಕೈಗೆ ಎಂಟು ಭಂಗಿಗಳವರೆಗೂ ಉಂಟು: ಮೊಣಕೈ ಮೇಲೆತ್ತಿ, ಕೆಳಗಿಳಿಸಿ, ಭುಜ ಹಿಂದಕ್ಕೆ ತಿರುಗಿಸಿ, ಮಣಿಕಟ್ಟು ಮಗುಚಿ. ಮಾಲೀಕರ ಕಣ್ಣು ಬೋಲ್ಟಿನ ಮೇಲೆ. ನನ್ನ ಕಣ್ಣು ಮೊಣಕೈ ಮೇಲೆ. ಬೋಲ್ಟ್ ಸಿಕ್ಕಿದಾಗ ಅವರು ಚಪ್ಪಾಳೆ ತಟ್ಟುತ್ತಾರೆ, ನಾನಿನ್ನೂ ಹಿಂದಿನ ಕಂಬ ನೋಡುತ್ತಿರುತ್ತೇನೆ.

ಈ ವಂಶದ ಮೂಲಪುರುಷನಿಗೆ ಇಂಥ ತಾಪತ್ರಯ ಇರಲಿಲ್ಲ. ಜಾರ್ಜ್ ಡೆವೋಲ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಲ್ಪನೆ ಯುನಿಮೇಟ್ ಆಗಿ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂತು. ಸುಡುಸುಡು ಎರಕದ ತುಂಡುಗಳನ್ನು ಎತ್ತಿಡುವುದು ಕೆಲಸ. ಅದು ದಾರಿ ಹುಡುಕುತ್ತಿರಲಿಲ್ಲ, ಹೇಳಿಕೊಟ್ಟ ಜಾಗಗಳನ್ನು ನೆನಪಿಟ್ಟು ಒಪ್ಪಿಸುತ್ತಿತ್ತು. ಇವತ್ತೂ ಮುಕ್ಕಾಲುಪಾಲು ಅದೇ ಪದ್ಧತಿ. ಟೀಚ್ ಪೆಂಡೆಂಟ್ ಎಂಬ ದಪ್ಪ ರಿಮೋಟು ಹಿಡಿದು ಕೈಯನ್ನು ಒಂದೊಂದು ಜಾಗಕ್ಕೂ ಒಯ್ದು ‘ಇಲ್ಲಿ’ ಎಂದು ಒತ್ತಬೇಕು. ಆಗ ವೇಗ ಸೆಕೆಂಡಿಗೆ 250 ಮಿಲಿಮೀಟರ್ ದಾಟಕೂಡದು. ಪೆಂಡೆಂಟಿನ ಹಿಂದೆ ಒಂದು ಸ್ವಿಚ್ಚಿದೆ. ಹದವಾಗಿ ಹಿಡಿದಿದ್ದರೆ ಕೈ ಚಲಿಸುತ್ತದೆ, ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಗಟ್ಟಿಯಾಗಿ ಹಿಚುಕಿದರೂ ನಿಲ್ಲುತ್ತದೆ. ಹೆದರಿದ ಮನುಷ್ಯ ಈ ಎರಡರಲ್ಲಿ ಯಾವುದನ್ನಾದರೂ ಮಾಡಿಯಾನು ಎಂದು ಮೊದಲೇ ಊಹಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಂಸಾರಸ್ಥನೇ ಇರಬೇಕು.

ನಮ್ಮ ಆಪರೇಟರ್ ಮಾಗಡಿ ಕಡೆಯವರು, ಪೆಂಡೆಂಟಿನಲ್ಲಿ ಪಳಗಿದ ಕೈ. “ಎತ್ತು, ತಿರುಗ್ಸು, ಇಳ್ಸು. ಮೂರು ಪಾಯಿಂಟು. ಇದಕ್ಕೆ ಕಂಪ್ಯೂಟರ್ ಯಾಕ್ ಸಾ?” ಎನ್ನುವುದು ಅವರ ಸಿದ್ಧಾಂತ. ತುಂಡುಗಳು ಸಾಲಾಗಿ ಕೂತಿದ್ದರೆ ಅವರ ಮಾತೇ ಮಾತು. ಆದರೆ ಮಾಲೀಕರು ಡಬ್ಬಿಯಲ್ಲಿ ಹೇಗೆಂದರೆ ಹಾಗೆ ಸುರಿದ ತುಂಡುಗಳನ್ನು ಕ್ಯಾಮೆರಾ ನೋಡಿ ಆರಿಸುವ ವ್ಯವಸ್ಥೆ ಮಾಡಿಸಿದ್ದರು. ಪ್ರತಿ ತುಂಡಿಗೂ ಬೇರೆ ಭಂಗಿ, ಪ್ರತಿ ಸಲವೂ ಹೊಸ ದಾರಿ. ಅದಕ್ಕಾಗಿ ನಾನು ಬಂದದ್ದು, ಆಪರೇಟರ್ ನನ್ನನ್ನು ಅನುಮಾನದಿಂದ ನೋಡತೊಡಗಿದ್ದು.

ಎಲ್ಲೂ ತಗುಲದ ದಾರಿ ಹುಡುಕುವ ಈ ಕೆಲಸವನ್ನು ಗಣಿತದವರು ಪಿಯಾನೊ ಸಾಗಿಸುವವರ ಸಮಸ್ಯೆ ಎನ್ನುತ್ತಾರೆ. ಶ್ವಾರ್ಟ್ಜ್ ಮತ್ತು ಶಾರಿರ್ 1983ರಲ್ಲಿ ಅದೇ ಹೆಸರಿನಲ್ಲಿ ಪ್ರಬಂಧ ಬರೆದರು. ನಾನು ಪಿಯಾನೊ ಹೊತ್ತವನಲ್ಲ. ಆದರೆ ರಾಜಾಜಿನಗರದ ಎರಡನೇ ಮಹಡಿಯ ಮನೆಗೆ, ಎರಡಡಿ ಅಗಲದ ತಿರುವು ಮೆಟ್ಟಿಲಲ್ಲಿ, ಗಾಡ್ರೇಜ್ ಬೀರು ಹೊತ್ತವರಿಗೆ ಕೆಳಗಿನಿಂದ ಹೆಗಲು ಕೊಟ್ಟಿದ್ದೇನೆ. ಬೀರು ಎಲ್ಲಿದೆ ಎನ್ನಲು ಮೂರು ಸಂಖ್ಯೆ, ಹೇಗೆ ವಾಲಿದೆ ಎನ್ನಲು ಇನ್ನು ಮೂರು. ಇದಕ್ಕೂ ಆರೇ. ಮೇಲೆ ಹೋಗಬೇಕಾದರೆ ಮೊದಲು ಕೆಳಗಿಳಿಸಬೇಕು, ನೆಟ್ಟಗಾಗಬೇಕಾದರೆ ಮೊದಲು ಅಡ್ಡಡ್ಡ ಮಲಗಿಸಬೇಕು, ಹತ್ತಿರ ಬರುತ್ತಿದೆ ಎನ್ನಿಸಿದಾಗಲೇ ಸಿಕ್ಕಿಕೊಳ್ಳುವುದು. ಗುರಿ ಎಳೆಯಲಿ, ಅಡೆತಡೆ ದೂಡಲಿ ಎಂಬ ಒಂದು ಸುಂದರ ವಿಧಾನವನ್ನು ಒಸಾಮಾ ಖತೀಬ್ 1986ರಲ್ಲಿ ಪ್ರಕಟಿಸಿದರು. ಎಳೆತ ತಳ್ಳಾಟ ಎರಡೂ ಸರಿಸಮವಾದ ಜಾಗದಲ್ಲಿ ಕೈ ನಿಂತೇಬಿಡುವುದೂ ಉಂಟು. ಬೀರು ಸಹ ಒಂದೂವರೆ ಮಹಡಿಯಲ್ಲಿ ಹಾಗೆಯೇ ನಿಂತಿತು. ಮೇಲಿನವರು ಎಳೆಯುತ್ತಿದ್ದರು, ಗೋಡೆ ದೂಡುತ್ತಿತ್ತು. “ಸ್ವಲ್ಪ ಹಿಂದಕ್ಕೆ ಹೋಗ್ರಪ್ಪ, ಆಮೇಲೆ ಮುಂದಕ್ಕೆ” ಎಂದು ಎದುರುಮನೆಯ ಯಜಮಾನರು ಬಾಲ್ಕನಿಯಿಂದ ಹೇಳಿದರು. ಸಂಶೋಧಕರಿಗೆ ಇಂಥ ಎದುರುಮನೆ ಇರುವುದಿಲ್ಲ.

ಅವರ ಬಳಿ ಇನ್ನೊಂದು ಉಪಾಯ ಇದೆ, ನನಗೆ ಬಲು ಇಷ್ಟವಾದದ್ದು. ಎಂಐಟಿಯ ತೊಮಾಸ್ ಲೊಝಾನೊ-ಪೆರೆಜ್ ಬೆಳೆಸಿದ್ದು. ಕೈಯ ದಪ್ಪವನ್ನೆಲ್ಲ ಬಿಡಿಸಿ ಅಡೆತಡೆಗಳ ಮೈಗೆ ಅಂಟಿಸಿಬಿಡಿ. ಕೈ ಬರೀ ಚುಕ್ಕಿಯಾಗುತ್ತದೆ, ಅಡೆತಡೆಗಳು ಊದಿಕೊಳ್ಳುತ್ತವೆ. ಚುಕ್ಕಿಗೆ ದಾರಿ ಹುಡುಕಿದರೆ ಮುಗಿಯಿತು. ನಾವು ತೆಳ್ಳಗಾಗುವ ಬದಲು ಊರನ್ನೇ ದಪ್ಪ ಮಾಡುವ ಈ ಉಪಾಯ ವೈದ್ಯರಿಗೆ ಇನ್ನೂ ತಿಳಿದಿಲ್ಲ. ಕಷ್ಟ ಇರುವುದು ಆ ಚುಕ್ಕಿಯ ಲೋಕದಲ್ಲಿ. ಅದಕ್ಕೆ ಆರು ಆಯಾಮ. ಕೀಲೊಂದಕ್ಕೆ ಡಿಗ್ರಿಗೊಂದು ಎಂದು 360 ಮನೆ ಹಾಕಿದರೂ ಒಟ್ಟು ಸುಮಾರು 2,177 ಲಕ್ಷ ಕೋಟಿ ಭಂಗಿಗಳಾಗುತ್ತವೆ. ಕೇಂದ್ರ ಬಜೆಟ್ಟೇ ಐವತ್ತು ಲಕ್ಷ ಕೋಟಿಯ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಭಂಗಿ ಪರೀಕ್ಷಿಸಿದರೂ 69 ವರ್ಷ ಬೇಕು, ಅದೂ ಒಂದು ಬೋಲ್ಟಿಗೆ.

ಆದ್ದರಿಂದ ಎಲ್ಲವನ್ನೂ ನೋಡುವ ಆಸೆ ಬಿಟ್ಟು ಅಲ್ಲೊಂದು ಇಲ್ಲೊಂದು ನೋಡುವ ಪದ್ಧತಿ ಬಂತು. ಸ್ಟೀವನ್ ಲವಾಲ್ 1998ರಲ್ಲಿ ಕೊಟ್ಟ ಆರ್‌ಆರ್‌ಟಿ ಎಂಬ ವಿಧಾನದಲ್ಲಿ ಆ ಲೋಕದೊಳಗೆ ಎಲ್ಲೋ ಒಂದು ಚುಕ್ಕಿಯನ್ನು ಲಾಟರಿಯಲ್ಲಿ ಎತ್ತುವುದು, ಈವರೆಗಿನ ದಾರಿಯಿಂದ ಅದರ ಕಡೆಗೊಂದು ರೆಂಬೆ ಚಾಚುವುದು, ಗುದ್ದದಿದ್ದರೆ ಉಳಿಸಿಕೊಳ್ಳುವುದು. ಗುರಿ ಮುಟ್ಟುವವರೆಗೆ ಇದೇ ಕೆಲಸ. ಕೆಲಸ ಮಾಡುತ್ತದೆ ಎನ್ನುವುದೇ ಆಶ್ಚರ್ಯ. ದಾರಿ ಇದ್ದರೆ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ ಎಂದು ಹೇಳುವ ಸ್ವಭಾವ ಅದಕ್ಕಿಲ್ಲ, ಹುಡುಕುತ್ತಲೇ ಇರುತ್ತದೆ. ಹಾಗಾಗಿ ನಾವೇ ಐದು ಸೆಕೆಂಡು ಎಂದು ಗಡುವು ಹಾಕಿ ಬಾಯಿ ಮುಚ್ಚಿಸುತ್ತೇವೆ.

ಲಾಟರಿಯಲ್ಲಿ ಸಿಕ್ಕಿದ ದಾರಿಗೆ ಮರ್ಯಾದೆ ಕಡಿಮೆ. ಅಂಗೈ ಅಗಲ ದೂರದ ತುಂಡಿಗೆ ಹೋಗಬೇಕಾದ ಕೈ ಚಾವಣಿ ನೋಡಿ, ಬಾಗಿಲು ನೋಡಿ, ಬೆನ್ನು ತಿರುಗಿಸಿ, ಏನೋ ನೆನಪಾದವರಂತೆ ಮರಳಿ ಬಂದು ತುಂಡನ್ನು ಹಿಡಿಯುತ್ತದೆ. ಎಲ್ಲೂ ತಗುಲಿಲ್ಲ, ಗಣಿತದ ಪ್ರಕಾರ ನಿಷ್ಕಳಂಕ. “ಗಾಳಿ ಸೋಕಿದೆ ಸಾ, ನಿಂಬೆಹಣ್ಣು ಇಳಿ ತೆಗೀಬೇಕು” ಎಂದರು ಆಪರೇಟರ್. ಆಮೇಲೆ ಸುತ್ತುಗಳನ್ನು ಕತ್ತರಿಸಿ ದಾರಿ ನೇರ ಮಾಡುವ ಇನ್ನೊಂದು ಪ್ರೋಗ್ರಾಂ ಓಡಿಸುತ್ತೇವೆ. ಅದು ಓಡಿದ ಮೇಲೂ ಕೈಯ ಮೈಗೆ ಕಟ್ಟಿದ ಗಾಳಿ ಪೈಪು ಮೊಣಕೈಗೆ ಸುತ್ತಿಕೊಳ್ಳುತ್ತದೆ, ಏಕೆಂದರೆ ಪೈಪು ನಕ್ಷೆಯಲ್ಲಿಲ್ಲ. ಕಂಪ್ಯೂಟರ್ ತಪ್ಪಿಸುವುದು ನಾವು ಬರೆದುಕೊಟ್ಟ ಲೋಕವನ್ನು. ರೋಬೋಟಿನ ಸುತ್ತಲ ಬೇಲಿಗೆ ನೇತುಹಾಕಿದ ಊಟದ ಡಬ್ಬಿ, ತುಂಡು ಕೂರಿಸುವ ಫಿಕ್ಸ್ಚರ್ ಮೇಲಿಟ್ಟು ಮರೆತ ಟೀ ಲೋಟ ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಜಾಗ್ರತೆಗೆಂದು ಎಲ್ಲದರ ಸುತ್ತ ಹತ್ತಿಪ್ಪತ್ತು ಮಿಲಿಮೀಟರ್ ಹೊದಿಕೆ ಕೊಟ್ಟರೆ ಹೊರಡುವ ಮೊದಲೇ ‘ನಾನಾಗಲೇ ಗುದ್ದಿದ್ದೇನೆ’ ಎಂದು ಕೂತುಬಿಡುತ್ತದೆ. ಅತಿ ಜಾಗ್ರತೆಯವರ ಜೊತೆ ಬಾಳುವೆ ಮಾಡಿದವರಿಗೆ ಇದು ಹೊಸದಲ್ಲ.

ಇಷ್ಟೆಲ್ಲ ವಿದ್ಯೆ ಪರೀಕ್ಷೆಗೆ ನಿಂತದ್ದು ಆಯುಧಪೂಜೆಯ ದಿನ. ಬೇಲಿಯ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ನಾನು ಅವನ್ನು ಎರಡು ಕೊಳವೆಗಳೆಂದು ನಕ್ಷೆಗೆ ಸೇರಿಸಿದೆ. ಶಾಸ್ತ್ರಿಗಳು ರೋಬೋಟನ್ನು ಮೇಲಿಂದ ಕೆಳಗೆ ನೋಡಿ, “ಇದಕ್ಕೆ ತಲೆ ಯಾವುದು?” ಎಂದರು. ಯಾರಿಗೂ ತಿಳಿಯಲಿಲ್ಲ. ಆರು ಕೀಲಿಗೂ ಅರಿಶಿನ ಕುಂಕುಮ ಇಟ್ಟು, ಕಣ್ಣು ಇದೇ ಇರಬೇಕೆಂದು ಕ್ಯಾಮೆರಾದ ಗಾಜಿಗೆ ವಿಭೂತಿ ಎಳೆಯಲು ಹೊರಟವರನ್ನು ಆಪರೇಟರ್ ಓಡಿಬಂದು ತಡೆದರು. ಚೆಂಡುಹೂವಿನ ಹಾರ ತಿರುಗುವ ಭಾಗಕ್ಕೆ ಬೇಡ ಎಂದು ಬುಡಕ್ಕೆ ಹಾಕಿಸಿದ್ದಾಯಿತು.

ಆಮೇಲೆ ನಿಂಬೆಹಣ್ಣು. ಲಾರಿಗಾದರೆ ಚಕ್ರದಡಿ ಇಡಬಹುದು, ಇದಕ್ಕೆ ಚಕ್ರವೆಲ್ಲಿ? ಕೈಯೇ ಹಿಚುಕಲಿ ಎಂದರು ಮಾಲೀಕರು. ಹಣ್ಣನ್ನು ರೋಬೋಟಿನ ನೇರ ಹಿಂದಿನ ಮೇಜಿನ ಮೇಲಿಟ್ಟು ಬೇಲಿ ಮುಚ್ಚಿ ದಾರಿ ಕೇಳಿದೆ. ಸಾಧ್ಯವಿಲ್ಲ, ಗುರಿಯ ಭಂಗಿಯಲ್ಲಿ ಡಿಕ್ಕಿಯಾಗುತ್ತದೆ ಎಂದಿತು. ಹಿಚುಕುವುದೆಂದರೆ ಡಿಕ್ಕಿಯೇ. ಎಲ್ಲೂ ತಾಕಬೇಡ ಎಂದು ವರ್ಷವಿಡೀ ಕಲಿಸಿದ ಮೇಲೆ, ಕೈತುದಿಯ ಗ್ರಿಪ್ಪರ್ ಮತ್ತು ನಿಂಬೆಹಣ್ಣು ಪರಸ್ಪರ ತಾಕಬಹುದು ಎಂದು ವಿನಾಯಿತಿ ಪಟ್ಟಿಯಲ್ಲಿ ಬರೆಯಬೇಕಾಯಿತು. ಆಗ ಹೊರಟಿತು. ಹಿಂದಿನ ಮೇಜಿಗೆ ಎಡಗಡೆಯಿಂದಲೂ ಹೋಗಬಹುದು, ಬಲಗಡೆಯಿಂದಲೂ ಹೋಗಬಹುದು. ಲಾಟರಿಯಲ್ಲಿ ಎಡ ಬಂದಿತ್ತು.

“ಅಪ್ರದಕ್ಷಿಣ!” ಎಂದು ಶಾಸ್ತ್ರಿಗಳು ಕೂಗಿದರು. ಕೈಯನ್ನು ನಿಲ್ಲಿಸಿ, ಹೊರಟ ಜಾಗಕ್ಕೆ ಕರೆಸಿ, ಮತ್ತೆ ದಾರಿ ಕೇಳಿದೆ. ಮತ್ತೆ ಎಡ. ಗಣಿತದಲ್ಲಿ ಎರಡೂ ಒಂದೇ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಆಪರೇಟರ್ ಪೆಂಡೆಂಟ್ ಕೈಗೆ ತೆಗೆದುಕೊಂಡು, “ಬುಡಿ ಸಾ” ಎಂದು, ಎತ್ತಿ, ಬಲಕ್ಕೆ ತಿರುಗಿಸಿ, ಇಳಿಸಿದರು. ಹಣ್ಣು ಪಚಕ್ ಎಂದು ರಸ ನನ್ನ ಲ್ಯಾಪ್‌ಟಾಪಿನವರೆಗೂ ಹಾರಿತು, ಅದೂ ನಕ್ಷೆಯಲ್ಲಿರಲಿಲ್ಲ.

ಮಂಗಳಾರತಿ ಮುಗಿದ ಮೇಲೆ ಶಾಸ್ತ್ರಿಗಳು ಮಾಲೀಕರನ್ನು ಪಕ್ಕಕ್ಕೆ ಕರೆದರು.

“ಯಜಮಾನ್ರೇ, ದಕ್ಷಿಣೆ ಸ್ಕೂಟರ್ ಲೆಕ್ಕವೋ, ಲಾರಿ ಲೆಕ್ಕವೋ?”

“ಒಂದೇ ಕೈ ಅಲ್ಲವಾ ಶಾಸ್ತ್ರಿಗಳೇ, ಸ್ಕೂಟರ್ ಲೆಕ್ಕವೇ ಇರಲಿ.”

“ಕೈ ಒಂದೇ, ಒಪ್ಪಿದೆ. ಕುಂಕುಮ ಇಟ್ಟದ್ದು ಆರು ಕಡೆ.”